ಟಿಕೆಟ್ ಕೊಳ್ಳದೆ ಮೈಸೂರಿನಲ್ಲೊಂದು ಭಾನುವಾರ

ನಮಸ್ಕಾರ. ಪರದೆಯ ಮೇಲೆ ಕತ್ತಲೆಯೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ, ಚಾಮುಂಡಿ ಬೆಟ್ಟದ ಪಾದದಲ್ಲಿ ಇನ್ನೂ ಬೆಳಕು ಹರಿದಿಲ್ಲ. ನನ್ನ ಮುಂದೆ ಹೆಜ್ಜೆ ಹಾಕುತ್ತಿರುವ ಹುಡುಗ ನನ್ನ ಚಿಕ್ಕಮ್ಮನ ಮಗ. ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದಾನೆ, ಒಂಬತ್ತನೆಯ ತರಗತಿ. ಮೈಸೂರಿಗೆ ಬಂದವರನ್ನು ಎಲ್ಲರೂ ಮೊದಲು ಟಿಕೆಟ್ ಕೌಂಟರಿನ ಮುಂದೆ ನಿಲ್ಲಿಸುತ್ತಾರೆ. ನಾನು ಹಾಗೆ ಮಾಡಬಾರದೆಂದು, ಬೆಳಗಿನಿಂದ ರಾತ್ರಿಯವರೆಗೆ ಪ್ರವೇಶದರ ಎಂಬುದನ್ನೇ ಕೊಡದೆ ಅವನಿಗೆ ಊರು ತೋರಿಸಬೇಕೆಂದು ನಿರ್ಧರಿಸಿ ಹೊರಟಿದ್ದೇನೆ.

ಮೆಟ್ಟಿಲುಗಳು ಸುಮಾರು ಸಾವಿರ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಕೆಲಸವಿದು. ನಮ್ಮ ಹುಡುಗ ಗಟ್ಟಿಯಾಗಿ ಎಣಿಸುತ್ತಲೇ ಏರುತ್ತಿದ್ದ. ಇನ್ನೂರರ ಹೊತ್ತಿಗೆ ದನಿ ತಗ್ಗಿತು, ನಾನೂರರ ನಂತರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಈಗ ನಿಮಗೆ ಕಾಣುತ್ತಿರುವ ಹೆಂಗಸರು ಹರಕೆ ಹೊತ್ತವರು. ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುತ್ತಿದ್ದಾರೆ, ಎಂದರೆ ನಾವು ಒಮ್ಮೆ ಏರುವ ಬೆಟ್ಟಕ್ಕೆ ಅವರು ಸಾವಿರ ಸಲ ಬಾಗುತ್ತಾರೆ. ಅವರ ಮುಖವನ್ನು ಚಿತ್ರೀಕರಿಸುವುದು ಸರಿಯಲ್ಲವೆನಿಸಿ ಕ್ಯಾಮೆರಾವನ್ನು ಮೆಟ್ಟಿಲುಗಳ ಕಡೆಗೆ ತಿರುಗಿಸಿಕೊಂಡಿದ್ದೇನೆ. ಆ ಹಳದಿ ಕೆಂಪು ಚುಕ್ಕೆಗಳ ಸಾಲು ಮೇಲಿನವರೆಗೂ ಹೋಗುತ್ತದೆ.

ಸುಮಾರು ಏಳುನೂರನೆಯ ಮೆಟ್ಟಿಲಿನ ಬಳಿ ನಂದಿ. ಒಂದೇ ಬಂಡೆಯಲ್ಲಿ ಕಡೆದ ಈ ವಿಗ್ರಹದ ಎತ್ತರ ಸುಮಾರು 15 ಅಡಿ. ಕಾರಿನಲ್ಲಿ ಬಂದು ಇಳಿದು ನೋಡುವವರಿಗೂ ಇದು ಕಾಣುತ್ತದೆ, ಆದರೆ ಕೆಳಗಿನಿಂದ ನಡೆದು ಬಂದವರಿಗೆ ಕಾಣುವ ನಂದಿಯೇ ಬೇರೆ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಉಸಿರು ಬಿಡುತ್ತಾ ಅದರ ಮುಂದೆ ನಿಂತಾಗ, ಕಾಲು ಮಡಿಸಿ ಕುಳಿತ ಆ ಪ್ರಾಣಿಯೂ ನಮ್ಮಂತೆಯೇ ಅರ್ಧದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿದೆ ಎನಿಸುತ್ತದೆ. ಕೊರಳಿನ ಗಂಟೆಯ ಸರವನ್ನು ಹತ್ತಿರದಿಂದ ತೋರಿಸುತ್ತೇನೆ. ಹುಡುಗ ಇಲ್ಲಿಯೇ ಹತ್ತು ನಿಮಿಷ ಕಳೆದನು.

ಮೇಲೆ ತಲುಪಿದಾಗ ಬಿಸಿಲು ಏರಿತ್ತು. ಧರ್ಮದರ್ಶನದ ಸಾಲಿನಲ್ಲಿ ನಿಂತು ದೇವಿಯ ದರ್ಶನ ಮಾಡಿಕೊಂಡೆವು, ಒಳಗಿನದನ್ನು ಚಿತ್ರೀಕರಿಸಿಲ್ಲ. ಹೊರಗೆ ಕತ್ತಿ ಮತ್ತು ಹಾವನ್ನು ಹಿಡಿದು ನಿಂತ ಮಹಿಷಾಸುರನ ಪಕ್ಕದಲ್ಲಿ ಎಲ್ಲರೂ ತೆಗೆಸಿಕೊಳ್ಳುವ ಚಿತ್ರವನ್ನು ನಾವೂ ತೆಗೆದುಕೊಂಡೆವು. ಇನ್ನು ಇಲ್ಲಿ ನಡೆದ ಒಂದು ಸಂಗತಿಯನ್ನು ವಿವರವಾಗಿ ಹೇಳಲೇಬೇಕು.

ಮನೆಯಿಂದ ತಂದ ನೀರು ನಂದಿಯ ಬಳಿಯೇ ಮುಗಿದಿತ್ತು. ಹುಡುಗನ ಗಂಟಲು ಒಣಗಿದೆ. ಒಂದು ಅಂಗಡಿಯಲ್ಲಿ ಒಂದು ಲೀಟರಿನ ಬಾಟಲಿ ಕೇಳಿದೆ. ಬಾಟಲಿಯ ಮೇಲೆ 20 ರೂಪಾಯಿ ಎಂದು ಮುದ್ರಿಸಿದೆ, ಅಂಗಡಿಯವರು 30 ಕೇಳಿದರು. ಏಕೆಂದು ವಿಚಾರಿಸಿದರೆ "ತಣ್ಣಗಿದೆಯಲ್ಲ ಮೇಡಂ, ಕೂಲಿಂಗ್ ಚಾರ್ಜು" ಎಂದರು. ತಣ್ಣಗಿಲ್ಲದ್ದನ್ನೇ ಕೊಡಿ ಎಂದೆ, ಅದು ಇಲ್ಲವಂತೆ. ಬೆಟ್ಟದ ಮೇಲೆ ಸರಕು ಸಾಗಿಸುವುದು ಕಷ್ಟ ಎಂಬ ಮಾತೂ ಬಂದಿತು. ಆ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಟಲಿಯ ಮೇಲಿರುವುದು ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ. ಹೋಟೆಲಿನಲ್ಲಿ ಕುಳಿತು ತರಿಸಿಕೊಂಡರೆ ಅದು ಬೇರೆ ಮಾತು, ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಪಡೆಯುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ದೂರು ಕೊಡುವುದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯಿದೆ. ಇಷ್ಟೆಲ್ಲ ತಿಳಿದಿದ್ದೂ ನಾನು 30 ರೂಪಾಯಿ ಕೊಟ್ಟೆ, ಏಕೆಂದರೆ ಬಾಯಾರಿದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಾದ ಮಾಡಲಾಗುವುದಿಲ್ಲ.

ನೀರು ಕುಡಿದ ಮೇಲೆ ಹುಡುಗ ಕೇಳಿದ: "ಅಕ್ಕಾ, ಇಪ್ಪತ್ತು ಅಂತ ಬರದೈತಲ್ಲ, ಮೂವತ್ತು ಯಾಕ ಕೊಟ್ಟಿ?" ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಹತ್ತು ರೂಪಾಯಿಯ ಪ್ರಶ್ನೆಯಾಗಿದ್ದರೆ ಇಷ್ಟು ಹೊತ್ತು ಮಾತನಾಡುತ್ತಿರಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆ ಭೂಮಿ ಬಿಟ್ಟ ದಾಖಲೆಗಳಿವೆ. ದಾರಿಹೋಕನಿಗೆ ನೀರು ಕೊಡುವುದು ಕೆರೆ ಕಟ್ಟಿಸಿದಷ್ಟೇ ದೊಡ್ಡ ಪುಣ್ಯವೆಂದು ತಿಳಿದಿದ್ದ ನಾಡು ಇದು. ಬೇಸಿಗೆಯಲ್ಲಿ ಮನೆಯ ಮುಂದೆ ಮಡಕೆಯಿಟ್ಟು, ಮೇಲೊಂದು ಲೋಟ ಮಗುಚಿಡುವ ಅರವಟ್ಟಿಗೆಗಳನ್ನು ನಾನೇ ಕಂಡಿದ್ದೇನೆ. ಊರಿನಲ್ಲಿ ಬಿಟ್ಟಿಯಾಗಿ ನೋಡುವ ಜಾಗಗಳ ಪಟ್ಟಿಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿ ಒಂದು ದಿನ ಕಳೆಯಲು ಬೇಕಾದ ನೀರು, ನೆರಳು, ಕುಳಿತುಕೊಳ್ಳುವ ಕಲ್ಲು, ಸ್ವಚ್ಛವಾದ ಶೌಚಾಲಯ ಇವುಗಳ ಪಟ್ಟಿಯನ್ನು ಯಾರೂ ಕೊಡುವುದಿಲ್ಲ. ಕೈಯಲ್ಲಿ ಹಣವಿಲ್ಲದವನಿಗೆ ಊರು ತನ್ನದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಎರಡನೆಯ ಪಟ್ಟಿ. ಖಾಲಿಯಾದ ಬಾಟಲಿಯನ್ನು ಬಿಸಾಡದೆ ಚೀಲದಲ್ಲಿಟ್ಟುಕೊಂಡೆವು. ದೃಶ್ಯ ಮುಗಿಯುತ್ತಿದೆ, ಬಸ್ಸು ಹೊರಡಲು ನಿಂತಿದೆ.

ಇಳಿಯುವಾಗ ಸಾಮಾನ್ಯ ಬಸ್ಸನ್ನೇ ಹತ್ತಿದೆವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ನನಗೆ ಶೂನ್ಯ ಟಿಕೆಟ್, ಹುಡುಗನಿಗೆ ಹಣದ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ಹೆಂಗಸರು ಇಟ್ಟುಕೊಂಡಿರಬೇಕು, ಹವಾನಿಯಂತ್ರಿತ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ನಿಲ್ದಾಣದಲ್ಲಿ ಮೊದಲು ಬಂದ ಬಸ್ಸನ್ನು ಬಿಟ್ಟು ಎರಡನೆಯದಕ್ಕೆ ಕಾದೆವು. ನನ್ನ ಪಕ್ಕದ ಆಸನದಲ್ಲಿದ್ದ ತಾಯಿ ಮಗಳು ಇಬ್ಬರೂ ಪ್ರತಿ ಭಾನುವಾರ ಹೀಗೆ ಬರುತ್ತಾರಂತೆ. ಮೊದಲು ವರ್ಷಕ್ಕೆ ಎರಡು ಸಲ ಮಾತ್ರ ಬರುತ್ತಿದ್ದೆವು ಎಂದು ಆ ತಾಯಿ ಹೇಳಿದರು. ಕಿಟಕಿಯಿಂದ ಕಾಣುವ ಊರನ್ನು ನೋಡಿ: ಅಗೋ ಲಲಿತಮಹಲಿನ ಬಿಳಿ ಗುಮ್ಮಟ, ಆಚೆಗೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ತಿರುವುಗಳಲ್ಲಿ ಕ್ಯಾಮೆರಾ ಅಲುಗಾಡಿದೆ, ಕ್ಷಮಿಸಿ.

ದೊಡ್ಡ ಗಡಿಯಾರದ ಮುಂದೆ ಒಂದು ನಿಮಿಷ ನಿಲ್ಲೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರವಿದು. ಗಡಿಯಾರದ ಮುಖವನ್ನು ಹತ್ತಿರಕ್ಕೆ ಎಳೆದು ತೋರಿಸುತ್ತಿದ್ದೇನೆ: ಅಂಕಿಗಳೆಲ್ಲ ಕನ್ನಡದವು. ಹುಡುಗ ಓದಲು ತುಸು ತಡವರಿಸಿದನು, ೬ ಮತ್ತು ೯ ಅವನನ್ನು ಗೊಂದಲಕ್ಕೆ ತಳ್ಳಿದವು. ಆಮೇಲೆ ರಸ್ತೆಯುದ್ದಕ್ಕೂ ಅಂಗಡಿಗಳ ಫಲಕದಲ್ಲಿ ಕನ್ನಡ ಅಂಕಿ ಹುಡುಕುವುದೇ ಆಟವಾಯಿತು, ಸಿಕ್ಕದ್ದು ಎರಡೇ.

ಇನ್ನು ದೇವರಾಜ ಮಾರುಕಟ್ಟೆ. ಇಲ್ಲಿ ಕೊಳ್ಳುವುದು ಕಡ್ಡಾಯವಲ್ಲ. ನಡೆಯುವುದಕ್ಕೆ, ಮೂಸುವುದಕ್ಕೆ, ಬಣ್ಣ ನೋಡುವುದಕ್ಕೆ ಯಾರೂ ಹಣ ಕೇಳುವುದಿಲ್ಲ. ಗೋಪುರದಂತೆ ಒಟ್ಟಿದ ಕುಂಕುಮದ ರಾಶಿಗಳು, ಬಾಳೆಹಣ್ಣಿನ ಗೊನೆಗಳ ಓಣಿ, ವೀಳ್ಯದೆಲೆಯ ಕಟ್ಟುಗಳು ಇವೆಲ್ಲ ದೃಶ್ಯದಲ್ಲಿಯೇ ಇರುವುದರಿಂದ ವಿವರಿಸುವುದಿಲ್ಲ. 2016ರಲ್ಲಿ ಈ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ಉಳಿಸಿ ದುರಸ್ತಿ ಮಾಡಬೇಕೆಂದು ಕೆಲವರು ವಾದಿಸುತ್ತಲೇ ಬಂದಿದ್ದಾರೆ. ನಾನು ಉಳಿಸಬೇಕೆನ್ನುವವರ ಪಕ್ಷ. ಆದರೆ ಸೋರುವ ಸೂರಿನಡಿ ಕುಳಿತು ದಿನವೂ ವ್ಯಾಪಾರ ಮಾಡುವವರ ಭಯವನ್ನು ಕೇಳಿದಾಗ, ನೋಡಿಹೋಗುವ ನನ್ನ ಮಾತಿಗೆ ಅಷ್ಟು ಬಿರುಸು ಇರಬಾರದು ಎಂದೂ ಅನಿಸುತ್ತದೆ.

ಹೂವಿನ ಓಣಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡೆ. ಹೂವು ಅಳೆದುಕೊಟ್ಟ ಅಜ್ಜಿ ನಮ್ಮ ಹುಡುಗನ ಮುಖ ನೋಡಿ, ನಾವು ಕೇಳುವುದಕ್ಕೆ ಮೊದಲೇ, ಬುಟ್ಟಿಯ ಹಿಂದಿದ್ದ ಮಡಕೆಯಿಂದ ಲೋಟದಲ್ಲಿ ನೀರು ಬಗ್ಗಿಸಿದರು. "ಕುಡಿಯಪ್ಪಾ, ಬಿಸಿಲಿಗೆ ಬಾಡ್‌ಹೋಗಿದೀಯ" ಎಂದು ಅವರು ಹೇಳಿದ್ದು ಹಿನ್ನೆಲೆಯಲ್ಲಿ ಕೇಳಿಸಿರಬಹುದು. ನಮ್ಮ ಖಾಲಿ ಬಾಟಲಿಯನ್ನೂ ತುಂಬಿಸಿಕೊಟ್ಟರು. ಹೂವಿಗೆ ಕೊಟ್ಟ ಹಣದ ಮೇಲೆ ಇನ್ನಷ್ಟು ಕೊಡಹೋದರೆ ಕೈಯನ್ನು ಹಿಂದಕ್ಕೆ ತಳ್ಳಿದರು. ಅವರ ಇಚ್ಛೆಯಂತೆ ಅವರ ಮುಖವನ್ನು ಇಲ್ಲಿ ತೋರಿಸಿಲ್ಲ. ಆ ಮಡಕೆಯನ್ನು ತೋರಿಸಲು ಒಪ್ಪಿಗೆ ಪಡೆದಿದ್ದೇನೆ.

ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ ಮಲಗಿದೆವು, ಅದನ್ನು ಹೇಳುವುದಕ್ಕೇನೂ ಇಲ್ಲ. ನಾಲ್ಕೂವರೆಗೆ ಕುಕ್ಕರಹಳ್ಳಿ ಕೆರೆ.

ಬೆಳಗ್ಗೆ ಬೆಟ್ಟದ ಮೇಲೆ ನಿಂತು, ಮೈಸೂರಿನಲ್ಲಿ ಮೆಟ್ಟಿಲು ಏರುವುದಕ್ಕಿಂತ ದೊಡ್ಡ ಸುಖ ಬೇರೊಂದಿಲ್ಲ ಎಂದು ಹುಡುಗನಿಗೆ ಹೇಳಿದ್ದೆ. ಆ ಮಾತನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ: ಈ ಕೆರೆಯ ಏರಿಯೇ ಮೇಲು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಹೊರವಲಯದ ಜಮೀನುಗಳ ನೀರಾವರಿಗೆಂದು ಕಟ್ಟಿಸಿದ ಕೆರೆ ಇದು. ಊರು ಬೆಳೆದು ಹೊಲಗಳು ಹೋದವು, ಕೆರೆ ಉಳಿಯಿತು. ಸುತ್ತಲಿನ ಮಣ್ಣಿನ ದಾರಿ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು. ಪಕ್ಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿ, ಅದನ್ನು ಕಟ್ಟಿದ ಕುಲಪತಿ ಕುವೆಂಪು ಅವರು ನಿತ್ಯ ನಡೆದಾಡುತ್ತಿದ್ದುದು ಈ ಕೆರೆಯ ದಂಡೆಯ ಮೇಲೆಯೇ. ಒಬ್ಬ ದೊಡ್ಡ ಕವಿ ನಡೆದ ದಾರಿಯಲ್ಲಿ ಇಂದು ಪಿಂಚಣಿದಾರರು, ಪರೀಕ್ಷೆಗೆ ಓದುವ ಹುಡುಗಿಯರು, ಕೈಹಿಡಿದು ನಡೆಯುವ ಹೊಸ ದಂಪತಿಗಳು ಯಾರ ಅಪ್ಪಣೆಯನ್ನೂ ಕೇಳದೆ ನಡೆಯುತ್ತಾರೆ. ಸ್ಮಾರಕವೆಂದರೆ ಹೀಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ನಡುವೆ ಕಾಣುವ ಆ ದೊಡ್ಡ ಕೊಕ್ಕಿನ ಹಕ್ಕಿ ಹೆಜ್ಜಾರ್ಲೆ. ಕೊಕ್ಕಿನ ಕೆಳಗಿನ ಚೀಲವನ್ನು ಬಲೆಯಂತೆ ಹರಡಿ ಮೀನನ್ನು ನೀರಿನ ಸಮೇತ ಬಾಚಿಕೊಳ್ಳುತ್ತದೆ, ನಂತರ ತಲೆ ತಗ್ಗಿಸಿ ನೀರನ್ನು ಬಸಿಯುತ್ತದೆ. ಒಣಮರದ ಮೇಲೆ ರೆಕ್ಕೆ ಬಿಚ್ಚಿ ಕುಳಿತಿರುವುದು ಹಾವಕ್ಕಿ. ಅದರ ಪುಕ್ಕ ನೀರಿನಲ್ಲಿ ತೊಯ್ಯುತ್ತದೆ, ಆದ್ದರಿಂದಲೇ ಸುಲಭವಾಗಿ ಮುಳುಗಿ ಮೀನು ಹಿಡಿಯುತ್ತದೆ, ಆದ್ದರಿಂದಲೇ ಹೀಗೆ ಬಿಸಿಲಿಗೆ ಒಣಗಲು ಕೂರಬೇಕಾಗುತ್ತದೆ. ಅದು ಏನು ಮಾಡುತ್ತಿದೆ ಎಂದು ಹುಡುಗ ಕೇಳಿದಾಗ, ನಮ್ಮ ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ತಮ್ಮ ದುರ್ಬೀನನ್ನೇ ಅವನ ಕೈಗಿತ್ತರು. ಅರ್ಧ ಗಂಟೆ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೇಟಿನ ಹೊರಗೆ ಕೊಂಡಿದ್ದ ಹುರಿಗಡಲೆಯ ಪೊಟ್ಟಣ ಪೂರ್ತಿಯಾಗಿ ನನಗೇ ಉಳಿಯಿತು. ಒಂದೇ ಕೊರತೆ ಇಲ್ಲಿನ ನೀರಿನ ಬಣ್ಣ: ಕೊಳಚೆ ಸೇರಿದಾಗ ಕೆರೆ ಹಸಿರುಗಟ್ಟುತ್ತದೆ, ಈ ದಿನವೂ ದಂಡೆಯ ಒಂದು ಮೂಲೆಯಲ್ಲಿ ವಾಸನೆಯಿತ್ತು. ಇಷ್ಟು ಪ್ರೀತಿಯ ಜಾಗಕ್ಕೆ ಆ ವಾಸನೆ ಬರಬಾರದು. ಹೊತ್ತು ಮುಳುಗುತ್ತಿದೆ, ಅರಮನೆಗೆ ತಡವಾಗುತ್ತದೆ.

ಏಳು ಗಂಟೆಗೆ ಇನ್ನು ಮೂರು ನಿಮಿಷವಿದೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ನಾವು ರಸ್ತೆಯಿಂದಲೇ ಎದುರಿಗೆ ಕಾಣುವಂತೆ ಜಯಮಾರ್ತಾಂಡ ದ್ವಾರದ ಹೊರಗೆ ನಿಂತಿದ್ದೇವೆ. ಈ ದೀಪಾಲಂಕಾರದ ಬಗ್ಗೆ ನನಗೆ ಅಂಥ ಒಲವೇನೂ ಇರಲಿಲ್ಲ. ಸುಮಾರು ಒಂದು ಲಕ್ಷ ಬಲ್ಬುಗಳನ್ನು ಉರಿಸುವುದು ಪ್ರವಾಸಿಗರ ಮೆಚ್ಚುಗೆಗೆ ಮಾಡುವ ದುಂದು ಎಂದೇ ಇಷ್ಟು ವರ್ಷ ವಾದಿಸುತ್ತಿದ್ದೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡವಿದು ಎಂದು ಹುಡುಗನಿಗೆ ಹೇಳುತ್ತಿದ್ದೆ. ಮಾತು ಮುಗಿಯುವ ಮೊದಲೇ ದೀಪ ಹತ್ತಿತು.

ಇಲ್ಲಿ ಕೆಲವು ಕ್ಷಣ ನನ್ನ ದನಿ ಇರುವುದಿಲ್ಲ. ನೀವೂ ನೋಡಿ.

ಸುತ್ತಲಿದ್ದ ಜನರೆಲ್ಲ ಒಂದೇ ಸಲಕ್ಕೆ ಉಸಿರೆಳೆದುಕೊಂಡ ಸದ್ದು ಧ್ವನಿಮುದ್ರಣದಲ್ಲಿ ಉಳಿದಿದೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಕೂಲಿಯವರು, ಬಲೂನು ಮಾರುವುದನ್ನು ನಿಲ್ಲಿಸಿದ ಹೆಂಗಸು, ಹೊರರಾಜ್ಯದಿಂದ ಬಸ್ಸಿನಲ್ಲಿ ಬಂದಿಳಿದ ಶಾಲಾಮಕ್ಕಳು, ಎಲ್ಲರ ಮುಖದ ಮೇಲೂ ಬಿದ್ದಿದ್ದು ಒಂದೇ ಬೆಳಕು. ದುಂದು ಎಂಬ ನನ್ನ ವಾದ ಅಲ್ಲಿಯೇ ಮುಗಿಯಿತು. ಹಗಲಲ್ಲಿ ಟಿಕೆಟ್ ಕೊಂಡವರಿಗಷ್ಟೇ ತೆರೆದುಕೊಳ್ಳುವ ಅರಮನೆ ವಾರಕ್ಕೊಂದು ಗಂಟೆ ಬೀದಿಯಲ್ಲಿ ನಿಂತವರಿಗೂ ಸೇರುತ್ತದೆ ಎನ್ನುವುದಾದರೆ ಆ ಬಲ್ಬುಗಳು ಉರಿಯಲಿ.

ದೀಪಗಳು ಆರಿದ್ದು ಕೂಡ ಒಮ್ಮೆಲೇ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಬಲೂನಿನವಳು ಮತ್ತೆ ಕೂಗತೊಡಗಿದಳು, ಜನ ಬಸ್ಸಿನ ಕಡೆಗೆ ಓಡಿದರು. ನಮ್ಮ ಹುಡುಗ ಮಾತ್ರ ಕದಲದೆ ನಿಂತು, ಮುಂದಿನ ಭಾನುವಾರದವರೆಗೆ ಇರಲೇ ಎಂದು ತನ್ನ ಅಮ್ಮನಿಗೆ ಫೋನು ಮಾಡಿ ಕೇಳುತ್ತಿದ್ದಾನೆ. ಹೂವಿನಜ್ಜಿ ತುಂಬಿಸಿಕೊಟ್ಟ ನೀರಿನಲ್ಲಿ ಎರಡು ಗುಟುಕು ಉಳಿದಿತ್ತು. ಅವನಿಗೆ ಒಂದು, ನನಗೆ ಒಂದು. ಬಸ್ಸು ಬಂದಿತು, ಕ್ಯಾಮೆರಾ ಆರಿಸುತ್ತೇನೆ.