ಮನಸ್ಸಿನ ಆರೈಕೆ ಮಾಡುವವರಿಗೆ ಏನು ಬರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ಜೇವರ್ಗಿ, ಆಳಂದ, ಚಿಂಚೋಳಿ ಕಡೆಯ ಆಶಾ ತಾಯಂದಿರು ಈಗ ಕೇಳುತ್ತಿದ್ದೀರಿ. ವ್ಯಸನಮುಕ್ತಿ ಕೇಂದ್ರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರೂ ಕೇಳುತ್ತಿರಬಹುದು. ನಾನು ಹೇಳುವುದು ಒಂದೇ ಮಾತು. ಮನೋರೋಗಿಗಳನ್ನು, ಕುಡಿತಕ್ಕೆ ಬಿದ್ದವರನ್ನು ನೋಡಿಕೊಳ್ಳುವ ಕೆಲಸಗಾರರನ್ನು ಸರ್ಟಿಫಿಕೇಟ್ ನೋಡಿ ಅಳೆಯಬೇಡಿ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಅಂತ ತಿಳಿಯೋಕೆ ಯಾರೂ ಪರೀಕ್ಷೆ ಬರೆಸುವುದಿಲ್ಲ, ಹಿಟ್ಟಿನ ಮುಂದೆ ಕೂರಿಸುತ್ತಾರೆ.

ಚಿತ್ತಾಪುರ ತಾಲ್ಲೂಕಿನಲ್ಲಿ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಒಬ್ಬಾತನಿದ್ದ. ವರ್ಷಗಟ್ಟಲೆ ದಿನಾ ಕುಡಿತ. ಅಮಾವಾಸ್ಯೆಗೆ ಮನೆಯವರು ದೇವರ ಮುಂದೆ ಆಣೆ ಮಾಡಿಸಿದರು. ಮಾತಿಗೆ ಗಟ್ಟಿ ಮನುಷ್ಯ, ಅಂದಿನಿಂದ ಒಂದು ಹನಿ ಮುಟ್ಟಲಿಲ್ಲ. ಮರುದಿನವೇ ಕೈ ನಡುಕ, ಮೈಯೆಲ್ಲ ಬೆವರು, ನಿದ್ದೆ ಇಲ್ಲ. ಮೂರನೇ ದಿನ ಗೋಡೆ ಮೇಲೆ ಹಾವು ಹರಿದಾಡುತ್ತಿವೆ ಅಂತ ಕಿರುಚತೊಡಗಿದ, ಹೆಂಡತಿಯ ಗುರುತೇ ಸಿಗಲಿಲ್ಲ. ಗಾಳಿ ಸೋಕಿದೆ ಅಂದರು. ಗಾಣಗಾಪುರಕ್ಕೆ ಹೋಗಲು ಜೀಪು ಹೇಳಿದರು. ಅಷ್ಟರಲ್ಲಿ ಆಪ್ತಸಮಾಲೋಚಕರೊಬ್ಬರು ಬಂದರು. ಅವರ ಬಳಿ ಸರ್ಟಿಫಿಕೇಟುಗಳಿಗೆ ಕೊರತೆಯಿರಲಿಲ್ಲ. ಕುಡಿತದ ಕೆಡುಕಿನ ಬಗ್ಗೆ ಅರ್ಧ ಗಂಟೆ ಬುದ್ಧಿ ಹೇಳಿ ಹೋದರು.

ಆಮೇಲೆ ಬಂದವಳು ಅದೇ ಓಣಿಯ ಆಶಾ ಕಾರ್ಯಕರ್ತೆ. ಬಂದವಳೇ ಹೆಂಡತಿಯ ಪಕ್ಕ ಕೂತಳು.

"ಅಕ್ಕಾ, ಅಣ್ಣ ಕೊನಿಗಿ ಯಾವಾಗ ಕುಡದಿದ್ರು?"

"ಅಮಾಸಿಗಿ ಆಣಿ ಮಾಡಿಸೀವಿ. ಅವತ್ತಿಂದ ಮುಟ್ಟಿಲ್ಲವ್ವ."

"ಫಿಟ್ಸ್ ಏನರ ಬಂದಿತ್ತೇನು?"

"ಇವತ್ತ ಮುಂಜಾನಿ ಒಮ್ಮಿ ಬಂದಿತ್ತು."

"ಹಂಗಾದ್ರ ಮೊದಲ ದವಾಖಾನಿಗಿ ಹೋಗಮು. ದೇವರ ದರ್ಶನ ಆಮ್ಯಾಲೆ ಮಾಡ್ರಿ. 108ಕ್ಕ ಫೋನ್ ಹಚ್ಚತೀನಿ."

ಆ ಮನುಷ್ಯ ಬದುಕಿದ. ಮಿದುಳು ವರ್ಷಗಟ್ಟಲೆ ಮದ್ಯದ ಮಂಪರಿಗೆ ಹೊಂದಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಅದು ಹತೋಟಿ ತಪ್ಪಿ ಉದ್ರೇಕಗೊಳ್ಳುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಜ್ವರ, ಗೊಂದಲ ಬರುವುದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಅದು ಪ್ರಾಣ ತೆಗೆಯಬಲ್ಲದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚುವ ಮೊದಲು ಥಯಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟರು. ಮಿದುಳನ್ನು ಶಾಂತಗೊಳಿಸುವ ಔಷಧ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡಿದರು. ಇದಕ್ಕೆಲ್ಲ ದಾರಿ ಮಾಡಿದ್ದು "ಕೊನಿಗಿ ಯಾವಾಗ ಕುಡದಿದ್ರು" ಎಂಬ ಪ್ರಶ್ನೆ. ಆ ಪ್ರಶ್ನೆ ಆಕೆಗೆ ಪುಸ್ತಕದಿಂದ ಬರಲಿಲ್ಲ. ಒಬ್ಬ ಹಿರಿಯ ನರ್ಸ್ ಆಕೆಯನ್ನು ಮನೆಮನೆಗೆ ಜೊತೆ ಕರೆದೊಯ್ದು, ಆಕೆ ಕೇಳುವುದನ್ನು ನೋಡಿ, ತಿದ್ದಿ ಕಲಿಸಿದ್ದರು.

ಇಂಥ ಕೌಶಲಗಳನ್ನು ಬರೆದಿಡಬಹುದು. ನ್ಯೂಜಿಲೆಂಡ್ 2008ರಲ್ಲೇ ಬರೆದಿಟ್ಟಿತು. 'ಲೆಟ್ಸ್ ಗೆಟ್ ರಿಯಲ್' ಎಂಬ ಚೌಕಟ್ಟಿನಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಎರಡೂ ಕ್ಷೇತ್ರದ ಪ್ರತಿ ಕೆಲಸಗಾರರಿಗೂ ಏಳು ಕೌಶಲ ಗೊತ್ತುಮಾಡಿದರು. ಕುಟುಂಬದ ಜೊತೆ ಕೆಲಸ ಮಾಡುವುದು, ಕಳಂಕದ ವಿರುದ್ಧ ನಿಲ್ಲುವುದು, ಅಲ್ಲಿನ ಮೂಲನಿವಾಸಿ ಮಾವೊರಿಗಳ ಜೊತೆ ಕೆಲಸ ಮಾಡುವುದು ಅದರಲ್ಲಿವೆ. ಮಾವೊರಿಗಳ ಮಾತನ್ನು ಅವರು ತಮ್ಮ ನೆಲ ನೋಡಿ ಸೇರಿಸಿದ್ದು. ನಾವು ನಮ್ಮ ನೆಲ ನೋಡಿ ಬರೆಯೋಣ. ತೆಲಂಗಾಣದ ಗಡಿಯಲ್ಲಿ ಕೆಲಸ ಮಾಡುವವರಿಗೆ ಕಲಬೆರಕೆ ಸೇಂದಿಯ ಬಗ್ಗೆ ಕೇಳಲು ಬರಬೇಕು. ದಖನಿ ಉರ್ದು, ತೆಲುಗು, ಲಂಬಾಣಿ ಮಾತು ಅರ್ಥವಾಗಬೇಕು. ಪೂಜಾರಿಯನ್ನಾಗಲಿ ದರ್ಗಾದ ಮುಜಾವರರನ್ನಾಗಲಿ ಹೀಗಳೆಯದೆ ಜೊತೆಗೆ ಸೇರಿಸಿಕೊಳ್ಳಬೇಕು. ತಾಂಡಾದವರು ಮುಂಬೈ, ಪುಣೆಗೆ ದುಡಿಯಲು ಹೋದಾಗ ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕು.

ಮೂರು ದಿನ ಹಾಲ್‌ನಲ್ಲಿ ಕೂರಿಸಿ, ಸ್ಲೈಡ್ ತೋರಿಸಿ, ಕೈಚೀಲ ಕೊಟ್ಟು ತರಬೇತಿ ಆಯಿತು ಅನ್ನುವುದನ್ನು ಅಧಿಕಾರಿಗಳು ದಯವಿಟ್ಟು ನಿಲ್ಲಿಸಬೇಕು. ಪಕ್ಕದಲ್ಲಿ ನಿಂತು ನೋಡಿ. ಮತ್ತೆ ಹೇಳುತ್ತೇನೆ, ಪಕ್ಕದಲ್ಲಿ ನಿಂತು ನೋಡಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಕ್ಕೆ ಸಿಕ್ಕಿದ ನೂರರಲ್ಲಿ 86 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೋವೈದ್ಯರಷ್ಟೇ ಇಷ್ಟು ಜನರನ್ನು ತಲುಪಲಾರರು.

ಸಮಯ ಆಗುತ್ತಾ ಬಂತು. ಕಾನೂನಿನ ಬಗ್ಗೆ ಒಂದೇ ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರೋಗಿಗೆ ಸರಪಳಿ ಹಾಕುವಂತಿಲ್ಲ. ಕೇಂದ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಕಾವಲುಗಾರನಿಗೂ, ಇದು ಗೊತ್ತಿರಬೇಕು.

ಇನ್ನು ಮನೆಯವರಿಗೆ. ದಿನಾ ಕುಡಿಯುವವರು ಬಿಡುತ್ತೇನೆ ಅಂದರೆ ಸಂತೋಷ. ಆದರೆ ಒಮ್ಮೆಲೇ ಬಿಡಿಸುವ ಮುಂಚೆ ವೈದ್ಯರನ್ನು ಕೇಳಿ. ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಂಬರ್ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. 14416. ನಮಸ್ಕಾರ.