ಹಿಡಿದ ಹಡಗಿನ ಹೊಣೆ ಯಾರದು?

ಕೇಳುಗರಿಗೆ ನಮಸ್ಕಾರ.

ನಮ್ಮ ಸೋದರಮಾವ ಮದ್ದೂರಿನ ಹತ್ತಿರ ಆಲೆಮನೆ ಇಟ್ಟುಕೊಂಡಿದ್ದರು. ಒಂದು ಸಲ ಅವರ ಬೆಲ್ಲದ ಲಾರಿಯನ್ನು ಕಾಗದ ಸರಿಯಿಲ್ಲ ಅಂತ ದಾರಿಯಲ್ಲಿ ಹಿಡಿದು ನಿಲ್ಲಿಸಿದರು. ಹನ್ನೊಂದು ದಿನ ಲಾರಿ ಬಯಲಲ್ಲೇ ನಿಂತಿತ್ತು. ಮಳೆ ಬಂತು. ಟಾರ್ಪಾಲು ಒಂದು ಮೂಲೆಯಲ್ಲಿ ಹರಿದಿತ್ತು. ಬಿಡಿಸಿಕೊಂಡು ಬರಲು ಮಾವನ ಜೊತೆ ನಾನೂ ಹೋಗಿದ್ದೆ. ಬೆಲ್ಲದ ಅಚ್ಚುಗಳು ಒಂದಕ್ಕೊಂದು ಅಂಟಿ ಕಪ್ಪು ಮುದ್ದೆಯಾಗಿದ್ದವು. ಹಲಗೆಯ ಸಂದಿಯಿಂದ ಪಾಕ ತೊಟ್ಟಿಕ್ಕುತ್ತಿತ್ತು. ಹಿಂದಿನ ಚಕ್ರದ ಮೇಲೆ ಇರುವೆ ಸಾಲು ಹತ್ತಿತ್ತು. ಕಾಗದ ಎಲ್ಲ ಸರಿಯಾಗಿಯೇ ಇದೆ ಅಂತ ಆಮೇಲೆ ಗೊತ್ತಾಯಿತು. ಮಾವ ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದರು: "ಸ್ವಾಮಿ, ಹಿಡಿದವರು ನೀವು. ಹಿಡಿದ ಮೇಲೆ ನೋಡ್ಕೊಳ್ಳೋರು ಯಾರು?" ಯಾರೂ ಉತ್ತರ ಕೊಡಲಿಲ್ಲ.

ಮುಂದೆ ನಾನು ಕೋರ್ಟಿನಲ್ಲಿ ಕೆಲಸಕ್ಕೆ ಸೇರಿದೆ. ಹಲವು ವರ್ಷ ಮುದ್ದೆಮಾಲು ಕೋಣೆಯ ಬೀಗದ ಕೈ ನನ್ನ ಬಳಿಯೇ ಇತ್ತು. ಜಪ್ತಿಯಾದ ಒಂದೊಂದು ವಸ್ತುವಿಗೂ ಚೀಟಿ ಕಟ್ಟಿ, ನಂಬರು ಬರೆದು, ವಹಿಯಲ್ಲಿ ಏರಿಸುವಾಗ ಮಾವನ ಮಾತು ನೆನಪಾಗುತ್ತಿತ್ತು. ಇದೇ ಪ್ರಶ್ನೆಯನ್ನು ಇಡೀ ಹಡಗುಗಳ ವಿಷಯದಲ್ಲಿ, ಅದೂ ಯುದ್ಧದ ನಡುವೆ, ದೊಡ್ಡ ದೊಡ್ಡ ಸರ್ಕಾರಗಳಿಗೆ ಕೇಳಿದ್ದರು ಅಂತ ಓದಿ ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಇವತ್ತು ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೈಸೂರಿಗೆ ಸಮುದ್ರ ಎಲ್ಲಿದೆ, ನಮಗ್ಯಾಕೆ ಹಡಗಿನ ಮಾತು ಅಂತ ಅನ್ನಿಸಬಹುದು. ಮಾನಂದವಾಡಿ ರಸ್ತೆಯಲ್ಲಿ ಹೋಗುವಾಗ ಶ್ರೀಗಂಧದ ಎಣ್ಣೆ ಕಾರ್ಖಾನೆಯ ವಾಸನೆ ನಿಮ್ಮ ಮೂಗಿಗೂ ಬಡಿದಿರಬೇಕು, ಅಲ್ವಾ? ಆ ಕಾರ್ಖಾನೆ ಹುಟ್ಟಿದ್ದರಲ್ಲಿ ಸಮುದ್ರದ ಯುದ್ಧದ ಪಾಲಿದೆ. 1914ಕ್ಕೆ ಮುಂಚೆ ನಮ್ಮ ಗಂಧದ ಕೋಠಿಗಳಲ್ಲಿ ಹರಾಜಾದ ಮರ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಅಲ್ಲಿದ್ದರು. ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಶತ್ರು ದೇಶದ ಜೊತೆ ವ್ಯಾಪಾರ ನಿಂತಿತು. ಜರ್ಮನ್ ಹಡಗುಗಳು ಬಂದರುಗಳಲ್ಲಿ ಸಿಕ್ಕಿಬಿದ್ದವು. ಇಲ್ಲಿ ಮರ ಹಾಗೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಎಣ್ಣೆ ನಾವೇ ತೆಗೆಯೋಣ ಅಂತ ಹೊರಟಿತು. 1916–17ರ ಹೊತ್ತಿಗೆ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕೆಲಸ ಶುರುವಾಯಿತು. ಎಲ್ಲೋ ದೂರದ ಬಂದರಿನಲ್ಲಿ ಹಡಗು ನಿಂತರೆ ಅದರ ಬಿಸಿ ನಮ್ಮ ಕಾಡಿನವರೆಗೂ ತಟ್ಟುತ್ತದೆ.

ಈಗ ಹಡಗಿಗೆ ಬರೋಣ. ಯುದ್ಧದಲ್ಲಿ ಶತ್ರುವಿನ ಸರಕು ಹಡಗನ್ನು ಹಿಡಿದರೆ ಇಂಗ್ಲಿಷ್ ಕಾನೂನಿನಲ್ಲಿ ಅದಕ್ಕೆ ಪ್ರೈಜ್ ಅನ್ನುತ್ತಾರೆ. ಬಹುಮಾನ ಅಂತ ತಿಳಿಯಬೇಡಿ. ಹಿಡಿದದ್ದು ಅಂತ ಅರ್ಥ. ಹಿಡಿದ ಕೂಡಲೇ ಅದು ಹಿಡಿದವರದಾಗುವುದಿಲ್ಲ. ಪ್ರೈಜ್ ಕೋರ್ಟ್ ಅಂತ ಬೇರೆಯೇ ಒಂದು ಕೋರ್ಟು ಕೂತು ಇದು ನ್ಯಾಯವಾಗಿ ಹಿಡಿದದ್ದು ಅಂತ ತೀರ್ಪು ಕೊಡಬೇಕು. ಅಲ್ಲಿಯವರೆಗೆ ಸರ್ಕಾರ ಬರೀ ಕಾವಲುಗಾರ.

ಅದರ ಕ್ರಮ ಕೇಳಿ. ನಾನು ಕೋರ್ಟಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಹತ್ತಿರ ಇದೆ! ನೌಕಾಪಡೆಯ ಅಧಿಕಾರಿ ಹಡಗು ಹತ್ತಿ ಮೊದಲು ಕೇಳುವುದೇ ಕಾಗದ. ನೋಂದಣಿ ಪತ್ರ, ಲಾಗ್ ಬುಕ್, ನಾವಿಕರ ಪಟ್ಟಿ, ಸರಕು ಯಾರದು ಎಲ್ಲಿಗೆ ಅಂತ ಹೇಳುವ ಬಿಲ್ ಆಫ್ ಲೇಡಿಂಗ್. ಆಮೇಲೆ ತನ್ನ ಕೆಲವು ಜನರನ್ನು ಆ ಹಡಗಿನಲ್ಲಿ ಬಿಟ್ಟು ಬಂದರಿಗೆ ಕಳಿಸುತ್ತಾನೆ. ದಾರಿಯಲ್ಲಿ ಸರಕಿನ ಮೂಟೆ ಬಿಚ್ಚುವಂತಿಲ್ಲ. ಕಾಗದಗಳನ್ನು ಕೋರ್ಟಿಗೆ ಕೊಡುವಾಗ ಪ್ರಮಾಣ ಮಾಡಬೇಕು: ಇವು ಸಿಕ್ಕಾಗ ಹೇಗಿದ್ದವೋ ಹಾಗೇ ಇವೆ, ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ, ತಿದ್ದಿಲ್ಲ ಅಂತ. ಬ್ರಿಟನ್ನಿನ 1864ರ ಕಾಯಿದೆಯಲ್ಲೇ ಈ ಮಾತಿದೆ. ಅಲ್ಲಿಂದ ಮುಂದೆ ಹಡಗು ಕೋರ್ಟಿನ ಮಾರ್ಷಲ್ ಸುಪರ್ದಿಗೆ ಹೋಗುತ್ತದೆ. ಕೆಡುವ ಸರಕು ಇದ್ದರೆ ಬೆಲೆ ಕಟ್ಟಿಸಿ, ಮಾರಿ, ದುಡ್ಡನ್ನು ಕೋರ್ಟಿನಲ್ಲಿ ಇಡುತ್ತಾರೆ. ಕೇಸು ಯಾರ ಕಡೆ ಆದರೂ ಅವರಿಗೆ ಕೊಡಲು ಆ ದುಡ್ಡು ಅಲ್ಲೇ ಇರುತ್ತದೆ. ಇದನ್ನು ಓದಿದ ದಿನ ನನಗೆ ಮಾವನ ಬೆಲ್ಲ ನೆನಪಾಗಿ ಗಂಟಲು ಕಟ್ಟಿತು. ಹನ್ನೊಂದು ದಿನದಲ್ಲಿ ಅಷ್ಟು ಮಾಡಲಾಗುತ್ತಿರಲಿಲ್ಲವೇ?

ಇಲ್ಲಿ ಒಂದು ಹಡಗಿನ ಕಥೆ ಹೇಳಲೇಬೇಕು. ಅದರ ಹೆಸರು ಜಮೋರಾ. ಸ್ವೀಡನ್ ದೇಶದ ಹಡಗು. ಯುದ್ಧದಲ್ಲಿ ಯಾರ ಕಡೆಯೂ ಸೇರದ ದೇಶ ಅದು. 1915ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಿಂದ ಸ್ಟಾಕ್‌ಹೋಮಿಗೆ ಧಾನ್ಯ ಮತ್ತು ಸುಮಾರು 400 ಟನ್ ತಾಮ್ರ ಹೊತ್ತು ಸಾಗುತ್ತಿತ್ತು. ಬ್ರಿಟಿಷ್ ನೌಕಾಪಡೆ ಅದನ್ನು ತಡೆದು ತನ್ನ ಬಂದರಿಗೆ ತಂದಿತು. ತಾಮ್ರ ಜರ್ಮನಿಗೆ ಹೋಗುತ್ತದೆ ಅನ್ನುವುದು ಅವರ ಅನುಮಾನ. ಗುಂಡು ಮಾಡಲು ತಾಮ್ರ ಬೇಕೇ ಬೇಕು. ಬ್ರಿಟನ್ನಿಗೂ ಬೇಕಿತ್ತು. ಕೇಸು ಇನ್ನೂ ತೀರ್ಮಾನ ಆಗಿರಲಿಲ್ಲ. ಅಷ್ಟರಲ್ಲೇ ಅಲ್ಲಿನ ಯುದ್ಧ ಇಲಾಖೆ ತಾಮ್ರ ನಮಗೆ ಕೊಡಿ ಅಂತ ಕೇಳಿತು. ಸರ್ಕಾರವೇ ಹೊರಡಿಸಿದ್ದ ಒಂದು ನಿಯಮದ ಮೇಲೆ ಪ್ರೈಜ್ ಕೋರ್ಟು ಒಪ್ಪಿಬಿಟ್ಟಿತು.

ಮಾಲಿನ ಒಡೆಯರು ಸುಮ್ಮನೆ ಕೂರಲಿಲ್ಲ. ಪ್ರಿವಿ ಕೌನ್ಸಿಲಿಗೆ ಹೋದರು. ಆಗ ಬ್ರಿಟಿಷ್ ಇಂಡಿಯಾದ ಕೇಸುಗಳೂ ಕೊನೆಗೆ ಹೋಗುತ್ತಿದ್ದದ್ದು ಅಲ್ಲಿಗೇ. 1916ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಬರೆದವರು ಲಾರ್ಡ್ ಪಾರ್ಕರ್. ಪ್ರೈಜ್ ಕೋರ್ಟು ನಡೆಸುವುದು ದೇಶದೇಶಗಳ ನಡುವಿನ ಕಾನೂನನ್ನು, ಅದನ್ನು ಬದಲಾಯಿಸುವ ಅಧಿಕಾರ ದೊರೆಯ ಆಜ್ಞೆಗೂ ಇಲ್ಲ ಅಂದರು. ಸರ್ಕಾರ ಸರಕು ಕೇಳಬಹುದು, ಇಲ್ಲ ಅಂತಲ್ಲ. ಆದರೆ ದೇಶದ ರಕ್ಷಣೆಗೆ ತುರ್ತಾಗಿ ಬೇಕು ಅಂತ ಕೋರ್ಟಿನ ಮುಂದೆ ತೋರಿಸಬೇಕು. ಆ ಕೇಸಿನಲ್ಲಿ ಅಂಥ ಪುರಾವೆ ಇರಲಿಲ್ಲ. ತಾಮ್ರ ಅಷ್ಟರಲ್ಲಿ ಮಿಲಿಟರಿಯ ಕೈ ಸೇರಿತ್ತು, ಅದನ್ನು ವಾಪಸ್ ತರುವ ಹಾಗಿರಲಿಲ್ಲ. ಮುಂದೆ ಮೂಲ ಕೇಸು ಗೆದ್ದರೆ ನಷ್ಟ ಕೇಳುವ ಹಕ್ಕನ್ನು ಒಡೆಯರಿಗೆ ಕೊಟ್ಟರು.

ಕಾಲ ಯಾವುದು ನೋಡಿ. ಮಹಾಯುದ್ಧದ ನಟ್ಟನಡುವೆ. ಊರೂರಿಗೂ ಸಾವಿನ ತಂತಿ ಬರುತ್ತಿದ್ದ ದಿನಗಳು. ಅಂಥ ಹೊತ್ತಿನಲ್ಲಿ ಬ್ರಿಟಿಷ್ ನ್ಯಾಯಾಧೀಶರು ತಮ್ಮದೇ ಸರ್ಕಾರಕ್ಕೆ ತಪ್ಪು ಅಂದರು. ಅದೂ ಬೇರೆ ದೇಶದ ವ್ಯಾಪಾರಿಗಳ ಪರವಾಗಿ. ನಮ್ಮನ್ನು ಆಳುತ್ತಿದ್ದ ಅದೇ ಬ್ರಿಟಿಷರ ಮೇಲೆ ನಮಗೆ ಹೇಳಲು ಬೇಕಾದಷ್ಟು ದೂರುಗಳಿವೆ. ಆದರೂ ಈ ತೀರ್ಪನ್ನು ನಾನು ಕೈ ಮುಗಿದು ಓದುತ್ತೇನೆ.

ಸರಿ, ಇನ್ನು ಯಾವುದೋ ಹಡಗನ್ನು ನ್ಯಾಯವಾಗಿ ಹಿಡಿದದ್ದು ಅಂತ ಕೋರ್ಟು ತೀರ್ಪು ಕೊಟ್ಟಿತು, ಹಡಗು ಸರ್ಕಾರದ್ದಾಯಿತು ಅನ್ನಿ. ಆಮೇಲೆ? ಹಡಗು ಸುಮ್ನೆ ನಿಂತರೂ ಖರ್ಚು. ತಳಕ್ಕೆ ಪಾಚಿ, ಚಿಪ್ಪು ಅಂಟುತ್ತದೆ. ಒಳಗೆ ಸೇರಿದ ನೀರನ್ನು ಹೊರಗೆ ಹಾಕುತ್ತಲೇ ಇರಬೇಕು. ಬಾಯ್ಲರಿಗೆ ತುಕ್ಕು ಹಿಡಿಯುತ್ತದೆ. ಪೊಲೀಸ್ ಠಾಣೆಗಳ ಮುಂದೆ ಜಪ್ತಿಯಾದ ಮರಳು ಲಾರಿಗಳು ಚಕ್ರ ಹೂತು, ಒಳಗೆ ಗಿಡ ಬೆಳೆದು ನಿಂತಿರುವುದನ್ನು ನೀವು ನೋಡಿದ್ದೀರಿ. ಹಡಗಿಗೂ ಅದೇ ಗತಿ, ನೋಡಿಕೊಳ್ಳದಿದ್ದರೆ.

ಅಮೆರಿಕದ ಉದಾಹರಣೆ ತೆಗೆದುಕೊಳ್ಳಿ. ಫಾಟರ್‌ಲಾಂಡ್ ಅನ್ನುವ ಜರ್ಮನ್ ಪ್ರಯಾಣಿಕ ಹಡಗು 54 ಸಾವಿರ ಟನ್ನಿನದು. 1914ರಲ್ಲಿ ಯುದ್ಧ ಶುರುವಾದಾಗ ನ್ಯೂಯಾರ್ಕಿನ ಕಡೆ ಸಿಕ್ಕಿಬಿತ್ತು. ಸುಮಾರು ಮೂರು ವರ್ಷ ಅಲ್ಲೇ ನಿಂತಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ತಕ್ಷಣ ಅಲ್ಲಿನ ಶಿಪ್ಪಿಂಗ್ ಬೋರ್ಡು ಇದನ್ನೂ ಸೇರಿಸಿ ತೊಂಬತ್ತಕ್ಕೂ ಹೆಚ್ಚು ಜರ್ಮನ್ ಹಡಗುಗಳನ್ನು ವಶಕ್ಕೆ ತೆಗೆದುಕೊಂಡಿತು. ಹಲವು ಹಡಗುಗಳಲ್ಲಿ ಜರ್ಮನ್ ನಾವಿಕರು ಮೊದಲೇ ಇಂಜಿನ್ನಿನ ಎರಕದ ಸಿಲಿಂಡರುಗಳನ್ನು ಒಡೆದುಹಾಕಿದ್ದರು. ಹೊಸದಾಗಿ ಎರಕ ಹೊಯ್ಯಬೇಕು, ವರ್ಷಗಟ್ಟಲೆ ಹಿಡಿಯುತ್ತದೆ ಅಂದುಕೊಂಡಿದ್ದರು. ವೆಲ್ಡಿಂಗ್ ಮಾಡುವವರು ಒಡೆದ ತುಂಡುಗಳನ್ನು ಕೂಡಿಸಿ ಕೆಲವೇ ತಿಂಗಳಲ್ಲಿ ಹಡಗುಗಳನ್ನು ಕಡಲಿಗೆ ಇಳಿಸಿದರು. ಫಾಟರ್‌ಲಾಂಡ್ ಹೆಸರು ಬದಲಾಗಿ ಲೆವಯಥನ್ ಆಯಿತು. ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಹೊತ್ತು ಸಾಗಿಸಿತು.

ಪೋರ್ಚುಗಲ್ 1916ರ ಫೆಬ್ರುವರಿಯಲ್ಲಿ ತನ್ನ ಬಂದರಿನ ಜರ್ಮನ್ ಹಡಗುಗಳನ್ನು ಹಿಡಿದಾಗ ಜರ್ಮನಿ ಮುಂದಿನ ತಿಂಗಳೇ ಅದರ ಮೇಲೆ ಯುದ್ಧ ಸಾರಿತು. ಎರಡನೇ ಮಹಾಯುದ್ಧದಲ್ಲಿ ಅದೇ ಪೋರ್ಚುಗಲ್ ಯಾರ ಕಡೆಯೂ ಸೇರಲಿಲ್ಲ. ಹಾಗಾಗಿ ನಮ್ಮ ಕಾರವಾರದ ಆಚೆ, ಗೋವಾದ ಮರ್ಮಗೋವಾ ಬಂದರಿನಲ್ಲಿ ಮೂರು ಜರ್ಮನ್ ಹಡಗು, ಒಂದು ಇಟಲಿಯ ಹಡಗು ನಿಂತಿದ್ದವು. ಬ್ರಿಟಿಷರು ಕಾನೂನಿನಂತೆ ಅವುಗಳನ್ನು ಮುಟ್ಟುವಂತಿರಲಿಲ್ಲ. ಆದರೂ 1943ರ ಮಾರ್ಚ್‌ನಲ್ಲಿ ಕಲ್ಕತ್ತೆಯಿಂದ ಬಂದ ಒಂದು ತಂಡ ಗುಟ್ಟಾಗಿ ರಾತ್ರಿ ನುಗ್ಗಿತು. ನಾಲ್ಕೂ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು. ಕೋರ್ಟಿಗೆ ತರಲು ಏನೂ ಉಳಿಯಲಿಲ್ಲ.

ಬ್ರಿಟನ್ ಹಡಗು ನಡೆಸಿದ ರೀತಿ ಬೇರೆ. 1941ರಲ್ಲಿ ಯುದ್ಧ ಸಾರಿಗೆಗೆ ಅಂತಲೇ ಒಂದು ಮಂತ್ರಾಲಯ ಮಾಡಿದರು. ಸರ್ಕಾರಿ ಹಡಗುಗಳಿಗೆ ಎಂಪೈರ್ ಅನ್ನುವ ಮೊದಲ ಹೆಸರು. ಹೊಸದಾಗಿ ಕಟ್ಟಿದವೇ ಜಾಸ್ತಿ, ಹಿಡಿದವೂ ಅದರಲ್ಲಿ ಸೇರುತ್ತಿದ್ದವು. ಒಡೆತನ ಸರ್ಕಾರದ್ದು. ದಿನದಿನದ ನಡೆಸುವಿಕೆ ಮಾತ್ರ ಅನುಭವ ಇರುವ ಶಿಪ್ಪಿಂಗ್ ಕಂಪನಿಯದು. ನಾವಿಕರನ್ನು ಸೇರಿಸುವುದು, ಕಲ್ಲಿದ್ದಲು, ಎಣ್ಣೆ, ರಿಪೇರಿ ಎಲ್ಲ ಕಂಪನಿ ನೋಡಿಕೊಳ್ಳುತ್ತಿತ್ತು, ಲೆಕ್ಕ ಸರ್ಕಾರಕ್ಕೆ. ನಮ್ಮ ಕಡೆ ಜಮೀನು ಒಬ್ಬರದು, ಸಾಗುವಳಿ ಒಬ್ಬರದು ಅನ್ನುತ್ತೇವಲ್ಲ, ಹಾಗೆ.

ಹಿಡಿದ ಹಡಗುಗಳು ಜನರ ಹಣೆಬರಹವನ್ನೂ ಬದಲಾಯಿಸಿದವು. ಹಡಗು ಮರದ್ದೋ ಉಕ್ಕಿನದೋ ಇರಬಹುದು, ಒಳಗೆ ಮನುಷ್ಯರಿರುತ್ತಾರೆ. 1907ರ ಹೇಗ್ ಒಪ್ಪಂದದಲ್ಲಿ ಒಂದು ಒಳ್ಳೆಯ ಮಾತಿತ್ತು. ಹಿಡಿದ ಸರಕು ಹಡಗಿನ ನಾವಿಕ, ಈ ಯುದ್ಧ ಮುಗಿಯುವವರೆಗೆ ಯುದ್ಧದ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಟ್ಟರೆ ಅವನನ್ನು ಕೈದಿ ಮಾಡಬಾರದು. ನಡೆದದ್ದು ಬೇರೆ. ಎರಡೂ ಮಹಾಯುದ್ಧಗಳಲ್ಲಿ ಸಾವಿರಾರು ನಾವಿಕರು ವರ್ಷಗಟ್ಟಲೆ ಶಿಬಿರಗಳಲ್ಲಿ ಕೊಳೆತರು. ಜರ್ಮನಿಯ ಬ್ರೆಮನ್ ಹತ್ತಿರದ ಶಿಬಿರದಲ್ಲಿ ಬ್ರಿಟಿಷ್ ಹಡಗುಗಳ ಭಾರತೀಯ ಖಲಾಸಿಗಳೂ ಇದ್ದರು. ತಾಮ್ರಕ್ಕೆ ಸಿಕ್ಕಷ್ಟು ಕೋರ್ಟಿನ ಕಾಳಜಿ ಈ ಖಲಾಸಿಗಳಿಗೆ ಸಿಗಲಿಲ್ಲ. ಇದು ನನಗೆ ಬಹಳ ನೋವಿನ ವಿಷಯ. ಯುದ್ಧದಲ್ಲಿ ಹಿಡಿದ ಹಡಗು, ವಿಮಾನಗಳಿಗೆ ಅಂತಲೇ ನಮ್ಮ ದೇಶವೂ 1971ರಲ್ಲಿ ಒಂದು ಕಾಯಿದೆ ಮಾಡಿದೆ. ಅದನ್ನು ಓದುವಾಗಲೂ ನನ್ನ ಕಣ್ಣು ಮೊದಲು ಹುಡುಕಿದ್ದು ಈ ಖಲಾಸಿಗಳನ್ನೇ.

ಕೊನೆಯದಾಗಿ ಒಂದು ಹಡಗು. ಮಾಂಟೆ ರೋಸಾ ಅಂತ, ಹ್ಯಾಂಬರ್ಗಿನಲ್ಲಿ ಕಟ್ಟಿದ್ದು. 1945ರಲ್ಲಿ ಕೀಲ್ ಬಂದರಿನಲ್ಲಿ ಬ್ರಿಟಿಷರಿಗೆ ಸಿಕ್ಕಿತು. 1947ರಲ್ಲಿ ಎಂಪೈರ್ ವಿಂಡ್ರಶ್ ಆಯಿತು. ಸರ್ಕಾರದ ಪರವಾಗಿ ನಡೆಸಿದ್ದು ನ್ಯೂಜಿಲೆಂಡ್ ಶಿಪ್ಪಿಂಗ್ ಕಂಪನಿ. 1948ರ ಜೂನ್‌ನಲ್ಲಿ ಕೆರಿಬಿಯನ್ ದ್ವೀಪಗಳಿಂದ ಕೆಲಸ ಹುಡುಕಿಕೊಂಡು ಬಂದ ನೂರಾರು ಜನರನ್ನು ಲಂಡನ್ ಹತ್ತಿರ ಇಳಿಸಿತು. ಇವತ್ತಿಗೂ ಬ್ರಿಟನ್ನಿನಲ್ಲಿ ಆ ಪೀಳಿಗೆಯನ್ನು ಈ ಹಡಗಿನ ಹೆಸರಿನಿಂದಲೇ ಕರೆಯುತ್ತಾರೆ. 1954ರ ಮಾರ್ಚ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಅದಕ್ಕೆ ಬೆಂಕಿ ಬಿತ್ತು. ಮೇಲಿದ್ದ ಸುಮಾರು ಒಂದೂವರೆ ಸಾವಿರ ಜನ ಉಳಿದರು. ಸತ್ತವರು ನಾಲ್ವರು. ನಾಲ್ವರೂ ಕೆಳಗೆ ಇಂಜಿನ್ ಕೋಣೆಯಲ್ಲಿ ಕೆಲಸದ ಮೇಲಿದ್ದವರು.

ನಮಸ್ಕಾರ.