ಶಿಫಾರಸಿನವನೇ ಶಿಫಾರಸಿಗೆ ಬೀಗ ಹಾಕಿದ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆಂದು ಪುಸ್ತಕ ಹಿಡಿದು ಕೂತವರು ಪಕ್ಕದಲ್ಲಿ ರೇಡಿಯೋ ಹಚ್ಚಿಟ್ಟಿದ್ದರೆ, ಈ ಮಾತು ಮುಖ್ಯವಾಗಿ ನಿಮಗೆ. ಅಮೆರಿಕದ 21ನೆಯ ಅಧ್ಯಕ್ಷ ಚೆಸ್ಟರ್ ಆರ್ಥರ್. ಹೆಸರು ಕೇಳಿಲ್ಲವೆಂದು ಸಂಕೋಚ ಬೇಡ, ಅಮೆರಿಕದವರಿಗೇ ಈತನ ನೆನಪು ಅಷ್ಟಕ್ಕಷ್ಟೆ. ಲಿಂಕನ್ ಕುರಿತು ಹೇಳುವವರು ಬೇಕಾದಷ್ಟು ಜನರಿದ್ದಾರೆ, ಬಿಡಿ. ಸರ್ಕಾರಿ ಕೆಲಸ ಶಿಫಾರಸಿಗಲ್ಲ, ಪರೀಕ್ಷೆಗೆ ಸಿಗಬೇಕು ಎಂಬ ಕಾನೂನಿಗೆ ಸಹಿ ಹಾಕಿದವನು ಶಿಫಾರಸಿನ ಏಣಿ ಹತ್ತಿಯೇ ಮೇಲೆ ಬಂದವನು. ಇದೊಂದನ್ನು ನೆನಪಿಟ್ಟುಕೊಳ್ಳಿ ಸಾಕು.

ಹುಟ್ಟಿದ್ದು 1829ರಲ್ಲಿ, ವರ್ಮಾಂಟ್ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ. ತಂದೆ ಪಾದ್ರಿ, ಗುಲಾಮಗಿರಿಯ ಕಡು ವಿರೋಧಿ. ಮಗ ನ್ಯೂಯಾರ್ಕಿನಲ್ಲಿ ವಕೀಲನಾದ. ಕುದುರೆ ಟ್ರಾಮಿನಿಂದ ಹೊರದಬ್ಬಿಸಿಕೊಂಡ ಎಲಿಜಬೆತ್ ಜೆನಿಂಗ್ಸ್ ಎಂಬ ಕಪ್ಪು ಶಿಕ್ಷಕಿಯ ಪರ ವಾದಿಸಿ 1855ರಲ್ಲಿ ಗೆದ್ದಾಗ ಅವನಿಗೆ 25 ವರ್ಷ. ಆರಂಭವೇನೋ ಚೆನ್ನಾಗಿಯೇ ಇತ್ತು. ಆಮೇಲೆ ನ್ಯೂಯಾರ್ಕಿನ ರಿಪಬ್ಲಿಕನ್ ಪಕ್ಷದ ಧಣಿ, ಸೆನೆಟರ್ ರಾಸ್ಕೋ ಕಾಂಕ್ಲಿಂಗ್‌ನ ಬಲಗೈಯಾದ.

1871ರಲ್ಲಿ ಅಧ್ಯಕ್ಷ ಗ್ರಾಂಟ್ ಅವನನ್ನು ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಗೆ ಕಲೆಕ್ಟರನನ್ನಾಗಿ ನೇಮಿಸಿದ. ನಮ್ಮ ಜಿಲ್ಲಾ ಕಲೆಕ್ಟರ್ ಅಲ್ಲ, ಸುಂಕ ವಸೂಲಿಯ ಮುಖ್ಯಸ್ಥ. ದೇಶದ ಆಮದು ಸುಂಕದಲ್ಲಿ ದೊಡ್ಡ ಪಾಲು ಬರುತ್ತಿದ್ದುದು ಅಲ್ಲಿಂದಲೇ. ಸುಮಾರು ಸಾವಿರ ನೌಕರರು. ಪಕ್ಷದ ಚೀಟಿ ತಂದವನಿಗೆ ಕೆಲಸ. ಚುನಾವಣೆ ಬಂತೆಂದರೆ ಸಂಬಳದಲ್ಲಿ ಒಂದು ಪಾಲು ಪಕ್ಷದ ಪೆಟ್ಟಿಗೆಗೆ. ಕೊಡದವನ ಕೆಲಸಕ್ಕೆ ಕುತ್ತು. ಸುಂಕ ತಪ್ಪಿಸಿದ ವ್ಯಾಪಾರಿ ಕಟ್ಟುವ ದಂಡದಲ್ಲಿ ಕಲೆಕ್ಟರನಿಗೂ ಪಾಲು. ಹೀಗೆ ಎಲ್ಲ ಸೇರಿ ಆರ್ಥರನ ವರ್ಷದ ಗಳಿಕೆ 50,000 ಡಾಲರ್ ದಾಟುತ್ತಿತ್ತು. ಆ ಪಾಲನ್ನು 1874ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. 1878ರಲ್ಲಿ ಅಧ್ಯಕ್ಷ ಹೇಯ್ಸ್ ಅವನನ್ನು ಕುರ್ಚಿಯಿಂದಲೇ ಇಳಿಸಿದ.

ಎರಡೇ ವರ್ಷಕ್ಕೆ ಅವನ ಹಣೆಬರಹ ತಿರುಗಿತು. ಷಿಕಾಗೋದ ಪಕ್ಷದ ಸಮಾವೇಶ 36ನೆಯ ಸುತ್ತಿನ ಮತದಾನದಲ್ಲಿ ಗಾರ್ಫೀಲ್ಡ್‌ನನ್ನು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆರಿಸಿತು. ಸೋತ ಕಾಂಕ್ಲಿಂಗ್ ಬಣದ ಸಮಾಧಾನಕ್ಕೆ ಆರ್ಥರನಿಗೆ ಉಪಾಧ್ಯಕ್ಷ ಸ್ಥಾನದ ಟಿಕೆಟ್. ಬೇಡವೆನ್ನು ಎಂದು ಧಣಿ ಹೇಳಿದ, ಇವನು ಕೇಳಲಿಲ್ಲ. ಚುನಾವಣೆಯಲ್ಲಿ ಇಬ್ಬರೂ ಗೆದ್ದರು. 1881ರ ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಎಂಬುವನು ಗಾರ್ಫೀಲ್ಡ್‌ಗೆ ಗುಂಡು ಹಾರಿಸಿದ. ಸರ್ಕಾರಿ ಹುದ್ದೆ ಕೇಳಿ ಅಲೆದು, ಸಿಗದೆ ಕೆರಳಿದವನು. ಇನ್ನು ಆರ್ಥರನೇ ಅಧ್ಯಕ್ಷ ಎಂದು ಬೇರೆ ಕೂಗಿದ! ಜನ ಏನೆಂದುಕೊಂಡಿರಬೇಡ.

ಈ ಹೊತ್ತಿನಲ್ಲೇ ಆರ್ಥರನಿಗೊಂದು ಪತ್ರ ಬಂತು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಸಮಯ ಮೀರಿದರೂ ಚಿಂತೆಯಿಲ್ಲ. ಬರೆದವಳು ನ್ಯೂಯಾರ್ಕಿನ ಜೂಲಿಯಾ ಸ್ಯಾಂಡ್. ಮೂವತ್ತು ದಾಟಿದ ಅವಿವಾಹಿತೆ, ಕಾಯಿಲೆಯವಳು, ಆರ್ಥರನ ಮುಖ ಪರಿಚಯವಿಲ್ಲ. ಆಕೆ ಮುಖಕ್ಕೆ ಹೊಡೆದಂತೆ ಬರೆದಳು: ಜನ ಅಳುತ್ತಿರುವುದು ಗಾರ್ಫೀಲ್ಡ್ ಸಾಯುತ್ತಾನೆಂದಷ್ಟೇ ಅಲ್ಲ, ಆಮೇಲೆ ನೀವು ಬರುತ್ತೀರಲ್ಲ ಎಂದು. ಆದರೆ ನಿಮ್ಮೊಳಗೆ ಒಳ್ಳೆಯತನವಿದೆ, ಅದನ್ನು ಹೊರಗೆ ತನ್ನಿ, ಸುಧಾರಣೆ ಮಾಡಿ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎನ್ನುತ್ತೇವೆ. ಇಲ್ಲಿ ಸುಂಕದವನೇ ಕಿವಿಗೊಟ್ಟ. ಸೆಪ್ಟೆಂಬರ್ 19ರ ರಾತ್ರಿ ಗಾರ್ಫೀಲ್ಡ್ ತೀರಿಕೊಂಡ. ಮಧ್ಯರಾತ್ರಿ ಕಳೆದು ಎರಡು ಗಂಟೆಯ ಮೇಲೆ, ಲೆಕ್ಸಿಂಗ್ಟನ್ ಅವೆನ್ಯೂದ 123ನೆಯ ನಂಬರಿನ ತನ್ನ ಮನೆಯಲ್ಲಿ ಆರ್ಥರ್ ಪ್ರಮಾಣವಚನ ತೆಗೆದುಕೊಂಡ. ಆ ಕಟ್ಟಡದಲ್ಲಿ ಈಗ ನಮ್ಮ ದೇಶದ ಬೇಳೆ, ಮಸಾಲೆ ಮಾರುವ ಅಂಗಡಿಯಿದೆ! ಜೂಲಿಯಾ ಬರೆಯುತ್ತಲೇ ಹೋದಳು, ಒಟ್ಟು 23 ಪತ್ರ. 1882ರ ಆಗಸ್ಟ್‌ನಲ್ಲಿ ಒಂದು ದಿನ, ಮುನ್ಸೂಚನೆಯಿಲ್ಲದೆ, ಅಧ್ಯಕ್ಷನೇ ಅವಳ ಮನೆ ಬಾಗಿಲಿಗೆ ಬಂದ. ಆಕೆ ಗಾಬರಿಯಾಗಿ ಪರದೆಯ ಹಿಂದೆ ಅಡಗಿದಳಂತೆ. ಹೆಚ್ಚುಕಡಿಮೆ ಒಂದು ಗಂಟೆ ಕೂತು ಮಾತಾಡಿ ಹೋದ. ಸಾಯುವ ಮುಂಚೆ ತನ್ನ ಬಹುಪಾಲು ಕಾಗದಪತ್ರಗಳನ್ನು ಸುಡಿಸಿದವನು ಈ ಪತ್ರಗಳನ್ನು ಉಳಿಸಿಕೊಂಡಿದ್ದ.

ಇನ್ನು ಕಾನೂನು, ಬೇಗಬೇಗ. ಹೆಸರು ಪೆಂಡಲ್ಟನ್ ಕಾಯ್ದೆ, ಸಹಿ ಬಿದ್ದದ್ದು 1883ರ ಜನವರಿ 16ರಂದು. ಬಹಿರಂಗ ಸ್ಪರ್ಧಾ ಪರೀಕ್ಷೆ. ಮೂವರ ಆಯೋಗ, ಅದರಲ್ಲಿ ಒಂದೇ ಪಕ್ಷದವರು ಇಬ್ಬರಿಗಿಂತ ಹೆಚ್ಚಿರಬಾರದು. ಆಯ್ಕೆಯಾದವನಿಗೆ ಮೊದಲು ಪರೀಕ್ಷಾರ್ಥ ಅವಧಿ. ಪಕ್ಷಕ್ಕೆ ಹಣ ಕೊಡಲಿಲ್ಲವೆಂದು ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಕರಡು ಸಿದ್ಧಪಡಿಸಿದ ಡೋರ್ಮನ್ ಈಟನ್ ಬ್ರಿಟನ್ನಿನ ಪದ್ಧತಿಯನ್ನು ಅಧ್ಯಯನ ಮಾಡಿದ್ದ. ಬ್ರಿಟಿಷರು ಅಂಥ ಬಹಿರಂಗ ಪರೀಕ್ಷೆಯನ್ನು ಲಂಡನ್ನಿನಲ್ಲಿ 1855ರಲ್ಲಿ ನಡೆಸಿದ್ದು ಭಾರತದ ಸಿವಿಲ್ ಸರ್ವಿಸ್‌ಗೆ. ಅಂದರೆ ಇದರ ಒಂದು ಬೇರು ನಮ್ಮ ಕಡೆಗೇ ಬರುತ್ತದೆ.

ಮೊದಲಿಗೆ ಕಾಯ್ದೆ ತಟ್ಟಿದ್ದು ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ. ಆದರೆ ಅಧ್ಯಕ್ಷ ಬಯಸಿದರೆ ಪಟ್ಟಿಯನ್ನು ಹಿಗ್ಗಿಸಬಹುದು ಎಂಬ ಒಂದು ಸಾಲಿತ್ತು. ಮುಂದೆ ಬಂದವರು ಅಧಿಕಾರ ಬಿಡುವ ಮುನ್ನ, ತಾವು ನೇಮಿಸಿದವರನ್ನು ಮುಂದಿನ ಪಕ್ಷ ಕಿತ್ತುಹಾಕದಿರಲೆಂದು, ಅವರ ಹುದ್ದೆಗಳನ್ನು ಪಟ್ಟಿಗೆ ಸೇರಿಸಿದರು. ಮಾಡಿದ್ದು ಸ್ವಾರ್ಥಕ್ಕೆ. ಆ ಕುರ್ಚಿ ಖಾಲಿಯಾದಾಗ ಮಾತ್ರ ಅಲ್ಲಿಗೂ ಪರೀಕ್ಷೆಯೇ ಬಂತು, ಶಿಫಾರಸಲ್ಲ.

ಹೊಸ ಉಕ್ಕಿನ ಯುದ್ಧನೌಕೆಗಳು, ಚೀನೀ ಕಾರ್ಮಿಕರ ವಲಸೆಗೆ ನಿಷೇಧ, ಇವೂ ಅವನ ಕಾಲದವೇ, ಆದರೆ ಗಡಿಯಾರ ನೋಡಿದರೆ ಅವಕ್ಕೆ ಸಮಯವಿಲ್ಲ. 1884ರಲ್ಲಿ ಪಕ್ಷ ಅವನಿಗೆ ಮತ್ತೆ ಟಿಕೆಟ್ ಕೊಡಲಿಲ್ಲ. ಜನರಿಂದ ಮುಚ್ಚಿಟ್ಟಿದ್ದ ಮೂತ್ರಪಿಂಡದ ಕಾಯಿಲೆ ಉಲ್ಬಣಿಸಿ 1886ರ ನವೆಂಬರ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 57.

ನಮಸ್ಕಾರ.